ತಾಳವಾಡಿಯ ತಂಡಗಳಿಗೆ ನೆರವು ಬೇಡ ಎನ್ನುವವರಿಗೆ

ಕರ್ನಾಟಕದ ಗಡಿಗೆ ತಾಗಿದ, ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ ಗುಡ್ಡಗಾಡಿನ ಕಂಸಾಳೆಯವರು, ತಂಬೂರಿ ಪದದವರು, ಸೋಲಿಗರ ಗೊರುಕನ ತಂಡದವರು, ಹಬ್ಬಕ್ಕೊಮ್ಮೆ ಕುರುಕ್ಷೇತ್ರ ಆಡುವ ಹಳ್ಳಿಯ ಹುಡುಗರು, ಇವರೆಲ್ಲರ ಅರ್ಜಿ, ಲೆಕ್ಕ, ವಾದ್ಯ, ವ್ಯಾನಿನ ಬಾಡಿಗೆ ನೋಡಿಕೊಳ್ಳುವ ಒಂದು ಸಂಸ್ಥೆ ಬೇಕು ಎನ್ನುವುದು ನನ್ನ ವಾದ. ಲಾಭ ಮಾಡುವ ಸಂಸ್ಥೆಯಲ್ಲ, ಸರ್ಕಾರಿ ಕಚೇರಿಯೂ ಅಲ್ಲ. ಟ್ರಸ್ಟೋ ಸಂಘವೋ ಆಗಿ ನೋಂದಣಿಯಾದ, ವರ್ಷಕ್ಕೊಮ್ಮೆ ಊರ ಮುಂದೆ ಲೆಕ್ಕ ತೆರೆದಿಡುವ ಸಂಸ್ಥೆ. ಈ ಮಾತು ಎತ್ತಿದಾಗಲೆಲ್ಲ ಎದುರು ಮಾತು ಬರುತ್ತದೆ. ವಿಚಿತ್ರವೆಂದರೆ ಬೇಡ ಎನ್ನುವವರಲ್ಲಿ ಕಲೆಯ ದ್ವೇಷಿಗಳು ಯಾರೂ ಇಲ್ಲ. ಮಾದಪ್ಪನ, ಅಂದರೆ ಮಲೆಯ ಮಾದೇಶ್ವರನ, ಒಕ್ಕಲಿನವರಿದ್ದಾರೆ, ಕನ್ನಡ ಹೋರಾಟಗಾರರಿದ್ದಾರೆ, ಪಿಂಚಣಿ ಪಡೆಯುತ್ತಿರುವ ಅಧಿಕಾರಿಗಳಿದ್ದಾರೆ, ಕಲಾವಿದರೇ ಇದ್ದಾರೆ. ಹಾಗಾಗಿ ಅವರ ಮಾತನ್ನು ಕಡೆಗಣಿಸುವಂತಿಲ್ಲ, ಉತ್ತರ ಹೇಳಲೇಬೇಕು.

ಹೆಚ್ಚು ಸಲ ಕೇಳಿಬರುವುದು ರಾಜಕುಮಾರ್ ಹೆಸರು. "ಗಾಜನೂರಿನ ಮುತ್ತುರಾಜನಿಗೆ ಯಾವ ಟ್ರಸ್ಟು ಕಾಸು ಕೊಟ್ಟಿತ್ತು? ಕಸುವು ಇದ್ದವನು ತಾನೇ ಮೇಲೆ ಬರ್ತಾನೆ ಬುಡಿ." ದೊಡ್ಡಗಾಜನೂರು ತಾಳವಾಡಿಯ ಮಗ್ಗುಲಲ್ಲೇ ಇರುವುದರಿಂದ ಈ ಮಾತಿಗೆ ಇಲ್ಲಿ ತೂಕ ಜಾಸ್ತಿ, ಯಾರೂ ಮರುಮಾತಾಡುವುದಿಲ್ಲ. ಆದರೆ ಆ ಬದುಕನ್ನು ನೆಟ್ಟಗೆ ನೋಡಿದರೆ ಅದು ಇವರ ಪರವಾಗಿ ಸಾಕ್ಷಿ ಹೇಳುವುದೇ ಇಲ್ಲ. ಹುಡುಗ ಹುಟ್ಟಿದ್ದು 1929ರಲ್ಲಿ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯಲ್ಲಿ ಹೆಸರು ಮಾಡಿದ ನಟರು. ಹುಡುಗ ಚಿಕ್ಕ ವಯಸ್ಸಿಗೇ ಶಾಲೆ ಬಿಟ್ಟು ತಂದೆಯ ಬೆನ್ನಿಗೆ ಕಂಪನಿ ಸೇರಿದ. 1884ರಲ್ಲಿ ಶುರುವಾದ ಆ ಕಂಪನಿಯಲ್ಲಿ ಊಟ ಕಂಪನಿಯದು, ಮಲಗುವ ಜಾಗ ಕಂಪನಿಯದು. ಕಂದ, ವೃತ್ತ ಹೇಳಿಕೊಡುವ ಮೇಷ್ಟ್ರು ಅಲ್ಲೇ ಇದ್ದರು, ಉಚ್ಚಾರ ತಿದ್ದುವ ಹಿರಿಯರು ಅಲ್ಲೇ ಇದ್ದರು. ಸಣ್ಣ ಪಾತ್ರ ಕೊಟ್ಟು, ತಪ್ಪಿದರೆ ಬೈದು, ಮತ್ತೆ ನಿಲ್ಲಿಸಿ ದೊಡ್ಡ ಪಾತ್ರಕ್ಕೆ ಹದ ಮಾಡುವ ಏರ್ಪಾಡೂ ಅಲ್ಲೇ ಇತ್ತು. 1954ರಲ್ಲಿ 'ಬೇಡರ ಕಣ್ಣಪ್ಪ' ತೆರೆಗೆ ಬರುವ ಹೊತ್ತಿಗೆ ಅವರ ಬೆನ್ನ ಹಿಂದೆ ವರ್ಷಗಟ್ಟಲೆಯ ರಂಗದ ಪಾಡು ಇತ್ತು. ಆ ಚಿತ್ರ ಬಂದದ್ದೂ ಗುಬ್ಬಿ ವೀರಣ್ಣನವರ ನಂಟಿನಿಂದಲೇ. ಒಬ್ಬ ಹುಡುಗನನ್ನು ವರ್ಷಗಟ್ಟಲೆ ಅನ್ನ ಹಾಕಿ, ಕಲಿಸಿ, ಕಾದು ನಿಲ್ಲಿಸಿದ್ದಕ್ಕೆ ನೆರವು ಎನ್ನದೆ ಇನ್ನೇನು ಎನ್ನೋಣ?

"ಕಂಪನಿ ವ್ಯಾಪಾರಕ್ಕೆ ನಿಂತದ್ದು, ಧರ್ಮಕ್ಕಲ್ಲ" ಎಂದು ಇದಕ್ಕೆ ಮರುಮಾತು. ಒಪ್ಪಿದೆ. ಟಿಕೆಟು ಮಾರಾಟವಾಗುತ್ತಿತ್ತು, ಆದ್ದರಿಂದ ತರಬೇತಿಯ ಖರ್ಚು ಹುಟ್ಟುತ್ತಿತ್ತು. ಸಿನಿಮಾ ಬಂದ ಮೇಲೆ ಆ ಟಿಕೆಟು ಹೋಯಿತು. ಟಿಕೆಟು ಹೋದ ಮೇಲೆ ಕನ್ನಡದಲ್ಲಿ ನಟರನ್ನು ತಯಾರು ಮಾಡುವ ಹೊರೆ ಯಾರ ತಲೆಗೆ ಬಿತ್ತು ನೋಡಿ. ಹೆಗ್ಗೋಡಿನಲ್ಲಿ 1949ರಲ್ಲಿ ಹಳ್ಳಿಯವರೇ ಕಟ್ಟಿಕೊಂಡ ನೀನಾಸಂ ಮುಂದೆ ರಂಗಶಿಕ್ಷಣ ಕೇಂದ್ರ ತೆರೆಯಿತು, 1985ರಿಂದ ತಿರುಗಾಟ ಶುರು ಮಾಡಿತು. ಮೈಸೂರಿನಲ್ಲಿ 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ರಂಗಾಯಣ ಬಂತು. ಒಂದು ಖಾಸಗಿ ಸಂಸ್ಥೆ, ಇನ್ನೊಂದು ಸರ್ಕಾರದ್ದು. ಎರಡರಲ್ಲಿ ಯಾವುದೂ ಟಿಕೆಟಿನ ಕಾಸಿನಿಂದಲೇ ಉಸಿರಾಡಿದ್ದಲ್ಲ. ಕಸುವು ಇದ್ದವನು ತಾನೇ ಮೇಲೆ ಬರುತ್ತಾನೆ ಎಂಬ ಮಾತು ಕೇಳಲು ಚೆಂದ, ಆದರೆ ಗಾಜನೂರಿನಿಂದ ಮೇಲೆ ಬಂದ ಒಬ್ಬರ ಕಥೆಯಲ್ಲೇ ಅದು ನಿಲ್ಲುವುದಿಲ್ಲ.

ಇದೇ ವಾದದ ಇನ್ನೊಂದು ರೂಪ ಹಳ್ಳಿಯ ಹಿರಿಯರದು. ಅವರು ಸಿನಿಮಾ ನಟರ ಮಾತು ಎತ್ತುವುದಿಲ್ಲ. ಕಂಸಾಳೆಯವರನ್ನು, ನೀಲಗಾರರನ್ನು ಊರೇ ಸಾಕುತ್ತಿತ್ತು, ಈಗಲೂ ಊರೇ ಸಾಕಲಿ ಎನ್ನುತ್ತಾರೆ. ಈ ಮಾತಿನ ಮೇಲೆ ನನಗೆ ಗೌರವವಿದೆ, ಏಕೆಂದರೆ ಊರು ಸಾಕುತ್ತಿದ್ದುದು ನಿಜ. ಮಲೆಯ ಮಾದೇಶ್ವರನ ದೀಕ್ಷೆ ಹಿಡಿದ ದೇವರಗುಡ್ಡ ಜೋಳಿಗೆ ಹೊತ್ತು ಮನೆ ಬಾಗಿಲಿಗೆ ಬಂದರೆ ಬರಿಗೈಲಿ ಕಳಿಸುವುದು ದೋಷ. ಸುಗ್ಗಿ ಮುಗಿದ ಕಾಲಕ್ಕೆ ಕಣದಲ್ಲೇ ರಾಗಿ ಅಳೆದು ಕೊಡುತ್ತಿದ್ದರು. ಹರಕೆ ಹೊತ್ತವರು ತಮ್ಮ ಅಂಗಳದಲ್ಲಿ ರಾತ್ರಿಯಿಡೀ ಮಾದಪ್ಪನ ಸಾಲು ಹಾಡಿಸಿ, ಊಟ ಹಾಕಿ, ಕಾಣಿಕೆ ಕೊಟ್ಟು ಕಳಿಸುತ್ತಿದ್ದರು. ಮಂಟೇಸ್ವಾಮಿ ಪರಂಪರೆಯ ನೀಲಗಾರರಿಗೂ ಹೀಗೆಯೇ.

ಈಗ ಆ ಕಣ ಎಲ್ಲಿದೆ? ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಎಲೆಕೋಸು, ಆಲೂಗಡ್ಡೆ, ಮೆಕ್ಕೆಜೋಳ, ಅರಿಶಿನ. ಕೋಸು ಲಾರಿಗೆ ಏರಿದ ದಿನ ರೇಟು ಬಿದ್ದಿದ್ದರೆ ಬೆಳೆದವನಿಗೇ ಗತಿಯಿಲ್ಲ, ಹಾಡುವವನಿಗೆ ಏನು ಕೊಟ್ಟಾನು? ರಾಗಿಯಾದರೆ ವಾಡೆಯಲ್ಲಿ ತುಂಬಿಟ್ಟು ವರ್ಷ ಕಳೆಯಬಹುದಿತ್ತು, ಕೋಸು ಮೂರು ದಿನಕ್ಕೆ ಕೊಳೆಯುತ್ತದೆ. ಇನ್ನು ರಾತ್ರಿಯಿಡೀ ಹಾಡಿಸುವ ಮಾತು. ಇದು ಸತ್ಯಮಂಗಲ ಹುಲಿ ರಕ್ಷಿತಾರಣ್ಯದ ಸೆರಗು. ಕತ್ತಲಾದರೆ ಆನೆಗಳು ಹೊಲಕ್ಕೆ ಇಳಿಯುತ್ತವೆ. ಕರುಪ್ಪನ್ ಎಂದು ಜನ ಹೆಸರಿಟ್ಟಿದ್ದ ಸಲಗವನ್ನು 2023ರ ಏಪ್ರಿಲ್‌ನಲ್ಲಿ ಕುಮ್ಕಿ ಆನೆಗಳನ್ನು ತಂದು ಹಿಡಿಯುವವರೆಗೂ ಹಳ್ಳಿಗಳು ಹೇಗೆ ನಡುಗಿದ್ದವೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹೊಲ ಕಾಯಲು ಮಚ್ಚಾನು ಹತ್ತಿರುವ ರೈತ ಕಾವ್ಯ ಕೇಳಲು ಅಂಗಳಕ್ಕೆ ಹೇಗೆ ಬರುತ್ತಾನೆ? ನಡುರಾತ್ರಿ ಪಕ್ಕದ ಹಳ್ಳಿಯಿಂದ ನಡೆದು ಬರುವುದು ಹಾಡುಗಾರನಿಗೂ ಜೀವದ ಮೇಲಿನ ಆಟ. ಊರು ಕೈಬಿಟ್ಟಿತೆಂದು ನಾನು ದೂರುತ್ತಿಲ್ಲ. ಊರಿನ ಕೈಯಲ್ಲಿ ಇದ್ದದ್ದೇ ಹೋಗಿದೆ.

ವಾದ್ಯದ ಮಾತೂ ಅಷ್ಟೇ. ಕಂಸಾಳೆ ಎಂದರೆ ಎಡಗೈಯ ಅಂಗೈಯಲ್ಲಿ ಕೂರುವ ಬಟ್ಟಲು, ಬಲಗೈಯಲ್ಲಿ ದಾರದ ಗೊಂಡೆ ಹಿಡಿದು ಬೀಸುವ ತಾಳ. ಬೀಸು ಕಂಸಾಳೆಯಲ್ಲಿ ತಾಳವನ್ನು ತಲೆಯ ಮೇಲೆ, ಬೆನ್ನ ಹಿಂದೆ, ಪಕ್ಕದವನ ಬಟ್ಟಲಿಗೆ ತಾಗಿಸಿ ಬೀಸುತ್ತಾರೆ. ಏಟು ತಪ್ಪಿದರೆ ಅಂಚು ಬಿರಿಯುತ್ತದೆ. ಬಿರಿತ ಬಿಟ್ಟ ಕಂಚು ಸೊರಗಿದ ದನಿ ಕೊಡುತ್ತದೆ, ಅದನ್ನು ಬೆಸೆದು ಸರಿಮಾಡಲು ಬರುವುದಿಲ್ಲ, ಹೊಸ ಜೋಡಿಯೇ ಬೇಕು. ದಮ್ಮಡಿ ವಾದ್ಯಕ್ಕೆ ಹಿಂದೆ ಉಡದ ಚರ್ಮ ಕಟ್ಟುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ಅಪರಾಧ, ಅದರಲ್ಲೂ ಅರಣ್ಯ ಇಲಾಖೆಯ ಕಣ್ಣೆದುರೇ ಬದುಕುವ ಈ ಹಳ್ಳಿಗಳಲ್ಲಿ ಯೋಚಿಸುವಂತೆಯೇ ಇಲ್ಲ. ಅಪರಾಧವಾಗಿದ್ದು ನ್ಯಾಯವೇ. ಆದರೆ ಬದಲಿ ದಮ್ಮಡಿಯನ್ನು ಪೇಟೆಯಿಂದ ದುಡ್ಡು ಕೊಟ್ಟೇ ತರಬೇಕು. ಕಾಡು ಕೊಡುತ್ತಿದ್ದುದನ್ನು ಕಾನೂನು ತಡೆದಾಗ ಆ ಖರ್ಚು ಕೂಲಿ ಮಾಡುವ ಹಾಡುಗಾರನ ಜೇಬಿಗೆ ಬಿತ್ತು. ಅದನ್ನು ಭರಿಸುವ ಯೋಜನೆಯನ್ನು ಕಾನೂನು ಮಾಡಿದವರು ಯಾರೂ ಜೊತೆಗೆ ಕಳಿಸಲಿಲ್ಲ.

ಮೂರನೆಯ ಎದುರು ಮಾತು ಅಧಿಕಾರಿಗಳದ್ದು, ಇದನ್ನು ಸ್ವಲ್ಪ ಬಿಡಿಸಿಯೇ ನೋಡಬೇಕು. "ಸರ್ಕಾರ ಇದೆಯಲ್ಲ, ಒಂದಲ್ಲ ಎರಡಿವೆ. ಇನ್ನೊಂದು ಸಂಸ್ಥೆ ಯಾಕೆ?"

ಪಟ್ಟಿ ಮಾಡಿದರೆ ನಿಜಕ್ಕೂ ಉದ್ದವಿದೆ. ತಮಿಳುನಾಡಿನಲ್ಲಿ 1955ರಿಂದ ಇಯಲ್ ಇಸೈ ನಾಟಕ ಮನ್ರಂ ಇದೆ, 2007ರಿಂದ ಜನಪದ ಕಲಾವಿದರ ಕಲ್ಯಾಣ ಮಂಡಳಿ ಇದೆ. ಕರ್ನಾಟಕದಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಜಾನಪದ ಅಕಾಡೆಮಿ, ನಾಟಕ ಅಕಾಡೆಮಿ, 2010ರ ಕಾಯ್ದೆಯ ಮೇಲೆ ಬಂದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ. ದಿಲ್ಲಿಯ ಸಂಗೀತ ನಾಟಕ ಅಕಾಡೆಮಿ 1953ರದು. ತಂಜಾವೂರಿನ ದಕ್ಷಿಣ ವಲಯ ಸಾಂಸ್ಕೃತಿಕ ಕೇಂದ್ರ 1986ರದು, ಅದರ ವ್ಯಾಪ್ತಿಗೆ ಎರಡೂ ರಾಜ್ಯಗಳು ಬರುತ್ತವೆ. ಹಣ ಇದೆ ಎನ್ನುವುದಕ್ಕೆ ನನ್ನ ತಕರಾರಿಲ್ಲ. ಆ ಹಣಕ್ಕೂ ತಾಳವಾಡಿಯ ತಂಡಕ್ಕೂ ನಡುವೆ ಏನಿದೆ ಎಂಬುದೇ ಪ್ರಶ್ನೆ.

ಐದು ಜನರ ಒಂದು ಕಂಸಾಳೆ ತಂಡ ಎಂದುಕೊಳ್ಳಿ. ಮುಖ್ಯಸ್ಥನಿಗೆ ಅರವತ್ತರ ಹತ್ತಿರ, ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಓದಿದವನು. ಆಧಾರ್ ಕಾರ್ಡು ಈರೋಡ್ ಜಿಲ್ಲೆಯದು, ಮೇಲೆ ತಮಿಳು ಅಕ್ಷರ. ರೇಷನ್ ಕಾರ್ಡು ತಮಿಳಿನಲ್ಲಿ. ಹೆಸರು ಒಂದರಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ಮಾದಯ್ಯ ಎಂಬುದು ಕನ್ನಡದಿಂದ ತಮಿಳಿಗೆ, ತಮಿಳಿನಿಂದ ಇಂಗ್ಲಿಷಿಗೆ ಹೋಗಿ ಬರುವಷ್ಟರಲ್ಲಿ ಬ್ಯಾಂಕಿನವರು ಬೇರೆ ಮನುಷ್ಯ ಎನ್ನುವ ಹಾಗಾಗಿರುತ್ತದೆ. ಆತ ಚೆನ್ನೈಗೆ ಅರ್ಜಿ ಹಾಕಬೇಕೆಂದರೆ ತಮಿಳಿನಲ್ಲಿ ಬರೆಯಬೇಕು, ಕಂಸಾಳೆ ಎಂದರೆ ಏನೆಂದು ವಿವರಿಸಬೇಕು, ಕಾಗದ ಹಿಡಿದು ಈರೋಡಿಗೆ ಹೋಗಬೇಕು. ಹಾಸನೂರು ದಾಟಿ, ದಿಂಬಂ ಘಾಟಿಯ 27 ತಿರುವು ಇಳಿದು, ಸತ್ಯಮಂಗಲ ಮುಟ್ಟಿ ಅಲ್ಲಿಂದ ಮತ್ತೆ ಬಸ್ಸು. ನೂರು ಕಿಲೋಮೀಟರಿಗೂ ಮೇಲೆ. 2022ರ ಫೆಬ್ರವರಿಯಿಂದ ಹೈಕೋರ್ಟಿನ ಆದೇಶದ ಮೇಲೆ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ಕಡಿವಾಣ ಬಿದ್ದಿದೆ. ಕಾಡುಪ್ರಾಣಿಗಳ ದೃಷ್ಟಿಯಿಂದ ಅದು ಸರಿಯೇ ಇರಬಹುದು, ಆದರೆ ಕಚೇರಿಯಲ್ಲಿ ಸಾಹೇಬರು ಸಂಜೆ ಬನ್ನಿ ಎಂದರೆ ಆತನಿಗೆ ಆ ರಾತ್ರಿ ಅಲ್ಲೇ ಗತಿ. ಒಂದು ದಿನದ ಕೂಲಿ ಎರಡು ದಿನದ್ದಾಯಿತು.

ಇತ್ತ ಚಾಮರಾಜನಗರ 25 ಕಿಲೋಮೀಟರ್ ಆಸುಪಾಸು. ಭಾಷೆ ತನ್ನದೇ, ನಂಟರು ಅಲ್ಲೇ. ಆದರೆ ಕಲಾವಿದರ ಮಾಸಾಶನಕ್ಕೋ ಗುರುತಿನ ಚೀಟಿಗೋ ಹೋದರೆ ವಿಳಾಸ ಕೇಳುತ್ತಾರೆ. ವಿಳಾಸ ನೋಡಿದೊಡನೆ ಮಾತು ಮುಗಿಯುತ್ತದೆ. ಗಡಿ ಪ್ರಾಧಿಕಾರ ಹೊರರಾಜ್ಯದ ಕನ್ನಡಿಗರಿಗೂ ನೆರವಾಗುತ್ತದೆ ಸರಿ, ಆದರೆ ಅದು ಕೊಡುವುದು ನೋಂದಾಯಿತ ಸಂಸ್ಥೆಗೆ, ಲೆಕ್ಕಪರಿಶೋಧನೆಯಾದ ಕಾಗದದ ಮೇಲೆ. ಐದು ಜನರ ತಂಡಕ್ಕೆ ಎಲ್ಲಿಯ ಆಡಿಟರು? ಅತ್ತ ದರಿ, ಇತ್ತ ಪುಲಿ ಎಂಬುದು ಬೇರೆ ಕಡೆ ಗಾದೆ, ಇಲ್ಲಿ ಭೂಗೋಳ.

ಇಷ್ಟನ್ನೂ ದಾಟಿಸಲು ಬೇಕಾದದ್ದು ಮತ್ತೊಂದು ಅಕಾಡೆಮಿಯಲ್ಲ. ಎರಡು ಭಾಷೆ ಬಲ್ಲ, ಎರಡು ಕಡೆಯ ಅರ್ಜಿಯ ಕೊನೆಯ ದಿನ ತಿಳಿದ, ಹೆಸರಿನ ಕಾಗುಣಿತ ಸರಿಮಾಡಿಸುವ, ಹತ್ತು ತಂಡಕ್ಕೆ ಸೇರಿ ಒಂದೇ ಆಡಿಟ್ ಮಾಡಿಸುವ ಒಂದು ಮಧ್ಯದ ಸಂಸ್ಥೆ. ಅಮೆರಿಕದಲ್ಲಿ ಇದು ಹಳೆಯ ಪದ್ಧತಿ. 1971ರಲ್ಲಿ ಹುಟ್ಟಿದ ನ್ಯೂಯಾರ್ಕ್ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನಂಥ ಸಂಸ್ಥೆಗಳು ಸ್ವಂತ ನೋಂದಣಿ ಇಲ್ಲದ ಕಲಾವಿದರಿಗೆ ತಮ್ಮ ನೋಂದಣಿಯ ನೆರಳು ಕೊಡುತ್ತವೆ. ದೇಣಿಗೆ ಸಂಸ್ಥೆಯ ಹೆಸರಿಗೆ ಬರುತ್ತದೆ, ಲೆಕ್ಕ ಸಂಸ್ಥೆಯದು, ಕೆಲಸ ಕಲಾವಿದನದು. ನಮ್ಮ ಕಾನೂನು ಬೇರೆ, ಅದನ್ನು ಹಾಗೆಯೇ ಎತ್ತಿ ತರಲು ಆಗುವುದಿಲ್ಲ. ಆದರೆ ಸಂಸ್ಥೆಯೇ ಕಾರ್ಯಕ್ರಮ ನಡೆಸಿ ಕಲಾವಿದರಿಗೆ ನೇರ ಸಂಭಾವನೆ ಕೊಡುವುದಕ್ಕೆ, ವಾದ್ಯ ಕೊಂಡು ತಂಡಗಳಿಗೆ ಬಳಸಲು ಕೊಡುವುದಕ್ಕೆ ಇಲ್ಲಿ ಯಾವ ಅಡ್ಡಿಯೂ ಇಲ್ಲ.

ಈಗ ಹೋರಾಟಗಾರರ ಮಾತು. "ನಾವು ಕನ್ನಡದವರು. ತಮಿಳುನಾಡಿನ ಕಾಸಿಗೆ ಕೈ ಚಾಚಬೇಡಿ, ಕರ್ನಾಟಕ ಕೊಡಲಿ" ಎಂದು ಒಂದು ಗುಂಪು. "ನೀವು ತಮಿಳುನಾಡಿನವರು, ಅಲ್ಲೇ ಕೇಳಿ" ಎಂದು ಗಡಿಯಾಚೆಯ ಕೆಲವರು. ಇಬ್ಬರೂ ಮರೆಯುವ ಒಂದು ತಾರೀಖು ಇದೆ: 1956ರ ನವೆಂಬರ್ 1. ಅದರ ಹಿಂದಿನ ದಿನದವರೆಗೆ ತಾಳವಾಡಿ ಮತ್ತು ಕೊಳ್ಳೇಗಾಲ ಎರಡೂ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲೇ ಇದ್ದವು. ಮಾದಪ್ಪನ ಬೆಟ್ಟವೂ ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯ ಚಿಕ್ಕಲ್ಲೂರೂ ಅದೇ ಜಿಲ್ಲೆ. ಬೆಳಗಾಗುವಷ್ಟರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಹೋಯಿತು, ತಾಳವಾಡಿ ಉಳಿಯಿತು. ಹಾಡುವವನು ಒಂದು ರಾಜ್ಯದಲ್ಲಿ, ಅವನ ದೇವರು ಇನ್ನೊಂದರಲ್ಲಿ. ದೇವರ ಕಡೆಯಿಂದ ತೊಂದರೆ ಬರಲಿಲ್ಲ, ಒಕ್ಕಲಿನವರು ಇಂದಿಗೂ ಬೆಟ್ಟಕ್ಕೆ ಹೋಗಿ ಬರುತ್ತಾರೆ. ತೊಂದರೆ ಬಂದದ್ದು ಖಜಾನೆಯ ಕಡೆಯಿಂದ. ಹಾಗಿರುವಾಗ ಎರಡು ಖಜಾನೆಯನ್ನೂ ಕೇಳುವ ಹಕ್ಕು ಈ ಕಲಾವಿದನಿಗಿದೆ ಎನ್ನುವುದು ನನ್ನ ನಿಲುವು. ತೆರಿಗೆ ಕಟ್ಟುವುದು ತಮಿಳುನಾಡಿನಲ್ಲಿ, ಆದ್ದರಿಂದ ಅಲ್ಲಿಯ ಕಲ್ಯಾಣ ಮಂಡಳಿ ಅವನದೂ ಹೌದು, ಕನ್ನಡದಲ್ಲಿ ಹಾಡುತ್ತಾನೆಂಬ ಕಾರಣಕ್ಕೆ ಅದು ಬೇರೆಯವರದಾಗುವುದಿಲ್ಲ. ಹಾಡುತ್ತಿರುವುದು ಕನ್ನಡದ ಮಹಾಕಾವ್ಯ, ಆದ್ದರಿಂದ ಕರ್ನಾಟಕದ ಹೊಣೆಯೂ ಹೌದು. ಸರ್ಕಾರಗಳು ಗಡಿ ದಾಟಲಾರವು, ಅದು ಅವುಗಳ ತಪ್ಪಲ್ಲ. ನೋಂದಾಯಿತ ಸಂಸ್ಥೆಯೊಂದು ಎರಡೂ ಕಡೆ ಅರ್ಜಿ ಹಾಕಬಹುದು, ಅದರ ಉಪಯೋಗವೇ ಅದು.

ತಮಿಳಿನ ಕಾಸು ಮುಟ್ಟಬೇಡಿ ಎನ್ನುವವರಿಗೆ ಇನ್ನೊಂದು ಮಾತು. ಸೋಲಿಗರು ಈ ಕಾಡಿನಲ್ಲಿ ರಾಜ್ಯಗಳು ಹುಟ್ಟುವುದಕ್ಕೂ ಮುಂಚಿನಿಂದ ಇದ್ದಾರೆ. ವೀರಪ್ಪನ್ ಬೇಟೆಯ ಕಾಲದಲ್ಲಿ ಇಲ್ಲಿಯ ಸೋಲಿಗರು ಪಟ್ಟ ಪಾಡನ್ನು ಜಗತ್ತಿಗೆ ಹೇಳಿದ ಕಾದಂಬರಿ 'ಸೋಳಗರ್ ತೊಟ್ಟಿ' ಬಂದದ್ದು ತಮಿಳಿನಲ್ಲಿ, 2004ರಲ್ಲಿ, ಬಾಲಮುರುಗನ್ ಅವರಿಂದ. ನಮ್ಮ ನೋವನ್ನು ಆ ಭಾಷೆ ಬರೆದಿರುವಾಗ ನಮ್ಮ ಹಾಡಿಗೆ ಅದರ ಸರ್ಕಾರ ನಾಲ್ಕು ಕಾಸು ಕೊಟ್ಟರೆ ಯಾರ ಮಾನವೂ ಹೋಗುವುದಿಲ್ಲ.

ಸನ್ಮಾನ ಮಾಡಿದರೆ ಸಾಲದೇ ಎನ್ನುವ ಶಾಲು, ಹಾರ, ಫಲತಾಂಬೂಲದ ವಾದಕ್ಕೆ ಹೆಚ್ಚು ಜಾಗ ಕೊಡಲಾರೆ. ನವೆಂಬರ್ ಬಂದರೆ ದೂರದ ಊರುಗಳಿಂದ ಬಂದು "ಗಡಿನಾಡ ಕಲಾವಿದರನ್ನು ಗೌರವಿಸಿದ್ದೇವೆ" ಎನ್ನುವವರು ಒಂದು ಸಲ ಆ ಕಲಾವಿದರ ಮನೆಯ ಪೆಟ್ಟಿಗೆ ತೆರೆಸಿ ನೋಡಲಿ. ಅಲ್ಲಿ ಮಡಚಿಟ್ಟ ಮೈಸೂರು ಪೇಟ ಹಾಕಿಕೊಂಡು ಹೊಲಕ್ಕೆ ಹೋಗಲು ಆಗುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಭಕ್ತರದು. ಕಂಸಾಳೆ ಕೈಗೆ ಬರುವುದು ದೀಕ್ಷೆಯಿಂದ, ಅದು ವ್ರತ. ಅನುದಾನ, ಸಂಭಾವನೆ, ವೇದಿಕೆ ಎಂದು ಹೋದರೆ ಮಾದಪ್ಪ ಮೈಕಿನ ಮುಂದೆ ಹತ್ತು ನಿಮಿಷದ ಐಟಮ್ಮು ಆಗುತ್ತಾನೆ ಎಂಬ ಭಯ. ಭಯ ಸುಳ್ಳಲ್ಲ. ರಾತ್ರಿಯಿಡೀ ಬೆಳೆಯಬೇಕಾದ ಸಂಕಮ್ಮನ ಸಾಲು ಮೆರವಣಿಗೆಯಲ್ಲಿ ಬರೀ ಕುಣಿತವಾಗಿ, ಹಾಡು ಬಿಟ್ಟು ಬೀಸುವ ಚಮತ್ಕಾರವಷ್ಟೇ ಉಳಿಯುವುದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಆ ಹತ್ತು ನಿಮಿಷದ ಕತ್ತರಿ ಹಾಕಿದ್ದು ಯಾರು? ಕಾರ್ಯಕ್ರಮ ಏರ್ಪಡಿಸಿದವರು. ತಂಡಕ್ಕೆ ಬೇರೆ ದಾರಿ ಇಲ್ಲದ್ದರಿಂದ ಅದು ಒಪ್ಪಿಕೊಂಡಿತು. ಪೂರ್ತಿ ಕಾವ್ಯ ಹಾಡಿಸಲು, ಒಬ್ಬ ಹಿರಿಯನ ಬಳಿ ಇಬ್ಬರು ಹುಡುಗರು ಎರಡು ವರ್ಷ ಕೂತು ಕಲಿಯಲು, ಹಾಡಿದ್ದನ್ನು ಧ್ವನಿಮುದ್ರಿಸಿ ಇಡಲು ದುಡ್ಡು ಕೊಡುವವರು ಬಂದರೆ ಕತ್ತರಿಗೆ ಕೆಲಸ ಕಡಿಮೆಯಾಗುತ್ತದೆ. ಪಿ.ಕೆ. ರಾಜಶೇಖರ ಅವರು ಹಾಡುಗಾರರಿಂದ ಬರೆದುಕೊಂಡು 1973ರಲ್ಲಿ ಮಲೆಯ ಮಾದೇಶ್ವರ ಕಾವ್ಯವನ್ನು ಅಚ್ಚಿಗೆ ತಂದದ್ದರಿಂದ ಕಾವ್ಯ ಮೈಲಿಗೆಯಾಗಲಿಲ್ಲ. ಎಚ್.ಎಲ್. ನಾಗೇಗೌಡರು 1979ರಲ್ಲಿ ಜಾನಪದ ಪರಿಷತ್ತು ಕಟ್ಟಿ, ರಾಮನಗರದ ಬಳಿ ಜಾನಪದ ಲೋಕ ನಿಲ್ಲಿಸಿದರು, ಅದೂ ದೇಣಿಗೆ ಅನುದಾನಗಳ ಮೇಲೇ ನಿಂತದ್ದು.

ಅಲ್ಲದೆ ಪರಂಪರೆಯೇ ಏನು ಹೇಳುತ್ತದೆ ನೋಡಿ. ಮಾದಪ್ಪನಿಗೆ ಗುಡಿ ಕಟ್ಟಲು ಆಲಂಬಾಡಿ ಜುಂಜೇಗೌಡ ಬೇಕಾದ. ಮಂಟೇಸ್ವಾಮಿ ತನ್ನ ಶಿಷ್ಯ ಸಿದ್ದಪ್ಪಾಜಿಯನ್ನು ಕಬ್ಬಿಣದ ಭಿಕ್ಷೆಗೆಂದು ಹಲಗೂರಿನ ಪಾಂಚಾಳರ ಬಳಿ ಕಳಿಸಿದ, ಅಲ್ಲಿ ಸಿದ್ದಪ್ಪಾಜಿ ಪಟ್ಟ ಕಷ್ಟವೇ ಕಾವ್ಯದ ದೊಡ್ಡ ಭಾಗ. ದೇವರೇ ಕೇಳಿ ಪಡೆದ ಕಥೆಯಿರುವ ಕಾವ್ಯವನ್ನು ಹಾಡುವವನು ಕೇಳಿದರೆ ಮಾತ್ರ ಅಪಚಾರವೇ? ವ್ರತವೇ ಬೇರೆ, ಪ್ರದರ್ಶನವೇ ಬೇರೆ ಎಂದು ಗೆರೆ ಎಳೆಯುವ ಹಕ್ಕು ದೀಕ್ಷೆ ಪಡೆದವನದು. ಯಾವ ಸಾಲನ್ನು ವೇದಿಕೆಗೆ ತರಬಾರದು ಎಂದು ಅವನು ಹೇಳಿದರೆ ಸಂಸ್ಥೆ ಅದನ್ನು ಕಾಗದದಲ್ಲಿ ಬರೆದು ಅನುಸರಿಸಬೇಕು. ಭಕ್ತರು ಕೇಳಬೇಕಾದ ಷರತ್ತು ಇದು, ಕೇಳಿದರೆ ನಾನೂ ಅವರ ಜೊತೆ.

ಇನ್ನು "ಎನ್‌ಜಿಒ ಅಂದ್ರೆ ಕಳ್ಳರ ಸಂತೆ, ವಿದೇಶಿ ದುಡ್ಡು ತಿನ್ನೋರು" ಎಂಬ ಬೈಗುಳ. ಲೆಟರ್‌ಹೆಡ್ಡಿನಲ್ಲಷ್ಟೇ ಬದುಕಿರುವ ಸಂಘಗಳು ಇವೆ, ಇಲ್ಲ ಎನ್ನುವುದಿಲ್ಲ. ಆದರೆ ವಿದೇಶಿ ದುಡ್ಡಿನ ಭಯ ಹಳೆಯ ಕಾಲದ್ದು. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಯ ನಂತರ ಅಂಥ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತದ ಖರ್ಚಿನ ಮಿತಿಯನ್ನು ಶೇಕಡಾ 50ರಿಂದ 20ಕ್ಕೆ ಇಳಿಸಲಾಗಿದೆ, ಹಣ ಮೊದಲು ಬಂದು ಬೀಳಬೇಕಾದದ್ದು ದಿಲ್ಲಿಯ ಒಂದೇ ಬ್ಯಾಂಕು ಶಾಖೆಗೆ. ತಾಳವಾಡಿಯ ತಂಬೂರಿ ಮೇಳದವರೆಗೆ ಡಾಲರು ಹರಿದು ಬರುತ್ತದೆ ಎಂದು ಹೆದರುವವರು ನಿಶ್ಚಿಂತೆಯಿಂದಿರಬಹುದು. ಅಷ್ಟಕ್ಕೂ ನೀನಾಸಂ 1980ರ ದಶಕದಲ್ಲಿ ಫೋರ್ಡ್ ಫೌಂಡೇಶನ್ ನೆರವಿನಿಂದ ಜನಸ್ಪಂದನ ನಡೆಸಿ ಹಳ್ಳಿಹಳ್ಳಿಗೆ ಸಿನಿಮಾ, ನಾಟಕ ಒಯ್ದಿತು. ಅದರಿಂದ ಹೆಗ್ಗೋಡು ಅಮೆರಿಕದ ಪಾಲಾಗಲಿಲ್ಲ.

ನಮಗೆ ಹತ್ತಿರದ ದಾರಿ ದೇಶದೊಳಗಿನದು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದಿರುವ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಇಡಬೇಕು. ಆ ಕೆಲಸಗಳ ಪಟ್ಟಿಯಲ್ಲಿ ಸಾಂಪ್ರದಾಯಿಕ ಕಲೆಗಳೂ ಇವೆ. ನಂಜನಗೂಡಿನ ಕೈಗಾರಿಕಾ ಪ್ರದೇಶ ಗಡಿಯಿಂದ ಎಷ್ಟು ದೂರ? ಆದರೆ ಕಂಪನಿ ಆ ದುಡ್ಡನ್ನು ತಂಡದ ಮುಖ್ಯಸ್ಥನ ಕೈಗೆ ಹಾಕಲಾಗದು. ತಾನೇ ನಡೆಸದೆ ಹೊರಗಿನವರಿಂದ ಮಾಡಿಸುವುದಾದರೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಇರುವ, ಮೂರು ವರ್ಷ ಕೆಲಸ ಮಾಡಿ ತೋರಿಸಿದ ಸಂಸ್ಥೆಗೇ ಕೊಡಬೇಕು. ಮೂರು ವರ್ಷದ ಮೇಲೆ ದುಡ್ಡು ಸಿಗಬೇಕಾದರೆ ನೋಂದಣಿ ಈ ವರ್ಷ ಆಗಬೇಕು. ಕಳ್ಳತನ ತಡೆಯಲು ಇದಕ್ಕಿಂತ ಕಾಗದ ಕೇಳುವ ಇನ್ನೊಂದು ದಾರಿ ನನಗೆ ಗೊತ್ತಿಲ್ಲ. ಲೆಕ್ಕವಿಲ್ಲದೆ ಊರಲ್ಲಿ ಎತ್ತುವ ಚಂದಾಕ್ಕಿಂತ ಇದು ಎಷ್ಟೋ ಬಿಗಿ.

ನಿಜವಾಗಿ ನನ್ನನ್ನು ಯೋಚನೆಗೆ ಹಚ್ಚಿದ ಎದುರು ಮಾತು ಕಲಾವಿದರೊಳಗಿನದು. ದುಡ್ಡು ಬಂದರೆ ಅರ್ಜಿ ಬರೆಯಲು ಬಲ್ಲವನು ದೊಡ್ಡ ಕಲಾವಿದನಾಗುತ್ತಾನೆ, ಹಾಡಲು ಬಲ್ಲವನು ಮೂಲೆಗೆ ಬೀಳುತ್ತಾನೆ ಎಂಬುದು ಅವರ ಅನುಮಾನ. ಕುರುಕ್ಷೇತ್ರ ನಾಟಕದಲ್ಲಿ ಇದರ ರುಚಿ ಹಳ್ಳಿಯವರಿಗೆ ಗೊತ್ತು. ಅಲ್ಲಿ ಪಾತ್ರಕ್ಕೆ ದುಡ್ಡು ಕಟ್ಟುತ್ತಾರೆ. ಹಾರ್ಮೋನಿಯಂ ಮೇಷ್ಟ್ರ ಫೀಸು, ಸೀನರಿ, ಡ್ರೆಸ್ಸು, ಲೈಟು ಎಲ್ಲ ಪಾತ್ರಧಾರಿಗಳ ಜೇಬಿನಿಂದಲೇ ಹೊರಡಬೇಕಾದ್ದರಿಂದ ದುರ್ಯೋಧನ ಯಾರಿಗೆ ಸಿಗುತ್ತಾನೆ ಎಂಬುದನ್ನು ಕೆಲವು ಸಲ ಗಂಟಲಿಗಿಂತ ಗಂಟು ತೀರ್ಮಾನಿಸುತ್ತದೆ. ಒಳ್ಳೆಯ ಕಂಠದ ಕೂಲಿ ಹುಡುಗ ದ್ವಾರಪಾಲಕನಾಗಿ ಈಟಿ ಹಿಡಿದು ನಿಲ್ಲುತ್ತಾನೆ. ಅನುದಾನದಲ್ಲೂ ಹೀಗಾಗದೆ ಇರದು. ಅದಕ್ಕೇ ಅರ್ಜಿ ಬರೆಯುವ ಕೆಲಸ ಕಲಾವಿದರ ಕೈಯಲ್ಲಿ ಇರಬಾರದು ಎನ್ನುವುದು. ಅದು ಸಂಸ್ಥೆಯ ಕೂಲಿ ಕೆಲಸವಾಗಲಿ. ಅರ್ಜಿ ಬರೆಸಿಕೊಂಡವರೆಲ್ಲ ಸಮಾನ, ಯಾರಿಗೆ ಕೊಡಬೇಕೆಂದು ಹೇಳುವವರು ತಂಡಗಳ ಹಿರಿಯರು. ಸೀನರಿ, ಲೈಟಿನ ಬಾಡಿಗೆಯನ್ನು ಸಂಸ್ಥೆ ಹೊತ್ತರೆ ದುರ್ಯೋಧನನ ಪಾತ್ರ ಹಾಡಬಲ್ಲವನಿಗೇ ಹೋಗುತ್ತದೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1993ರಲ್ಲಿ ಶುರುವಾದ ಲಾಭರಹಿತ ಸಂಸ್ಥೆ. ಅದು ಅನುದಾನದ ಅರ್ಜಿಯನ್ನು ಯಾವ ಭಾರತೀಯ ಭಾಷೆಯಲ್ಲಾದರೂ ಪಡೆಯುತ್ತದೆ. ಕನ್ನಡದಲ್ಲೇ ಬರೆದು ಕಳಿಸಬಹುದಾದ ಜಾಗವೊಂದು ಇದೆ ಎಂಬುದನ್ನು ಹಾಡಿಯವರೆಗೆ ಹೋಗಿ ಹೇಳುವವರಿಲ್ಲದಿದ್ದರೆ ಆ ಉದಾರತೆ ನಗರದಲ್ಲೇ ಖರ್ಚಾಗುತ್ತದೆ.

ಕೊನೆಗೆ ಉಳಿಯುವುದು "ಮಾಡೋರು ಯಾರು ಸ್ವಾಮಿ?" ಎಂಬ ಪ್ರಶ್ನೆ. ತಮಿಳುನಾಡು ಸಂಘಗಳ ನೋಂದಣಿ ಕಾಯ್ದೆ 1975ರ ಪ್ರಕಾರ ಏಳು ಜನ ಸಾಕು. ನೋಂದಣಿ ಇಲ್ಲೇ ಆಗಬೇಕು, ಚಾಮರಾಜನಗರದಲ್ಲಿ ಬೇಡ. ವಿಳಾಸ ಇಲ್ಲಿನದಿದ್ದರೆ ಗಡಿ ಪ್ರಾಧಿಕಾರಕ್ಕೆ ಹೊರರಾಜ್ಯದ ಕನ್ನಡ ಸಂಸ್ಥೆಯಾಗಿ, ಚೆನ್ನೈಗೆ ರಾಜ್ಯದ್ದೇ ಸಂಸ್ಥೆಯಾಗಿ ಹೋಗಬಹುದು. ಎರಡು ಭಾಷೆ ಬಲ್ಲವರ ಕೊರತೆಯಂತೂ ಇಲ್ಲ. 2006ರ ತಮಿಳು ಕಲಿಕಾ ಕಾಯ್ದೆಯಿಂದ ನಮ್ಮ ಕನ್ನಡ ಶಾಲೆಗಳಿಗೆ ಏನೇನು ಪೆಟ್ಟು ಬಿತ್ತೆಂಬುದು ಬೇರೆ ಜಗಳ, ಅದನ್ನು ನಾನೂ ಆಡುತ್ತೇನೆ. ಆದರೆ ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ತಮಿಳು ಬರೆದು ಬೆಳೆದ ಹುಡುಗ ಹುಡುಗಿಯರು ಈಗ ಊರಿಗೆ ನಾಲ್ಕು ಜನ ಇದ್ದಾರೆ. ಅವರಲ್ಲೊಬ್ಬರಿಗೆ ಒಂದು ಕಂಪ್ಯೂಟರು, ಒಂದು ಬೀರು, ಬೀರುವಿನಲ್ಲಿ ಎಲ್ಲ ತಂಡಗಳೂ ಪಡೆದು ಹಿಂತಿರುಗಿಸುವ ನಾಲ್ಕು ಜೋಡಿ ಕಂಸಾಳೆ, ಎರಡು ತಂಬೂರಿ, ಒಂದು ಹಾರ್ಮೋನಿಯಂ ಕೊಟ್ಟರೆ ಕೆಲಸ ಶುರು.

ಅವರಿಗೆ ಸಂಬಳ ಕೊಡಬೇಕು ಎಂದಾಗ ಮಾತ್ರ ಸಭೆಯಲ್ಲಿ ಮೌನ. "ಸೇವೆ ಅಂದ ಮೇಲೆ ಸಂಬಳ ಯಾಕೆ?" ಎಂದು ಯಾರೋ ಒಬ್ಬರು ಹಿಂದಿನಿಂದ ಹೇಳುತ್ತಾರೆ. ಸಂಬಳವಿಲ್ಲದೆ ಇಟ್ಟುಕೊಂಡ ಹುಡುಗ ಆರು ತಿಂಗಳಿಗೆ ತಿರುಪ್ಪೂರಿನ ಬನಿಯನ್ ಫ್ಯಾಕ್ಟರಿಗೆ ಹೋಗುತ್ತಾನೆ, ಹೋದ ಮೇಲೆ ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆಯೆಂಬುದೇ ಮುಂದಿನ ಜಗಳ. ಆದ್ದರಿಂದ ಮೊದಲ ವರ್ಷದ ಬಜೆಟ್ಟಿನ ಮೊದಲ ಸಾಲು ಅವನ ಸಂಬಳ, ಎರಡನೆಯದು ವಾದ್ಯ, ಮೂರನೆಯದು ಬಸ್‌ಚಾರ್ಜು. ಉದ್ಘಾಟನಾ ಸಮಾರಂಭಕ್ಕೆ ಸಾಲೇ ಬೇಡ.